ಮುಂದಿನ ಹಲ್ಲಿನ ಮೂಲೆ ಮುರಿದಿದೆ, ವೆನೀರ್ ಹಾಕಿಸಲೇಬೇಕಾ?

ಬೇಕಾಗಿಲ್ಲ. ಹಾಕಿ ಆಡುವಾಗ ಚೆಂಡು ಬಡಿದು ಹಲ್ಲಿನ ಒಂದು ಮೂಲೆ ಹೋಗಿದೆ ಅಂದಿದ್ದೀರಿ. ಅಷ್ಟಕ್ಕೆ ಕಾಂಪೋಸಿಟ್ ಬಾಂಡಿಂಗ್ ಸಾಕಾಗಬಹುದು. ಹಲ್ಲಿನ ಬಣ್ಣದ ಮೆತ್ತನೆಯ ವಸ್ತುವನ್ನು ಮುರಿದ ಕಡೆ ಮೆತ್ತಿ, ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡುತ್ತಾರೆ. ಸಾಮಾನ್ಯವಾಗಿ ಒಂದೇ ದಿನದ ಕೆಲಸ.

ವೆನೀರ್ ಅಂದರೆ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪಿಂಗಾಣಿ ಪದರ, ಬೆರಳಿನ ಉಗುರಿನ ಹಾಗೆ. ಅದು ಕೂರಲು ಜಾಗ ಬೇಕಲ್ವಾ? ಅದಕ್ಕೆ ಹೆಚ್ಚಾಗಿ ಹಲ್ಲಿನ ಮೇಲಿನ ಗಟ್ಟಿ ಪದರ, ಅಂದರೆ ಎನಾಮಲ್ ಅನ್ನು ಸ್ವಲ್ಪ ಉಜ್ಜಿ ತೆಗೆಯುತ್ತಾರೆ. ಎನಾಮಲ್ ಕಟ್ಟುವ ಜೀವಕೋಶಗಳು ಹಲ್ಲು ಒಸಡಿನಿಂದ ಹೊರಗೆ ಬರುವಷ್ಟರಲ್ಲೇ ಸತ್ತಿರುತ್ತವೆ. ಹಾಗಾಗಿ ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ವೆನೀರ್ ಸವೆದರೆ ಇನ್ನೊಂದು ಹಾಕಿಸಲೇಬೇಕು. ಹಲ್ಲು ಗಟ್ಟಿಯಿದ್ದಾಗ ಸುಮ್ನೆ ಉಜ್ಜಿಸಬೇಡಿ ಎನ್ನುವುದು ಅದಕ್ಕೇ.

ಒಂದು ಮಾತು ನಿಜ. ನಮ್ಮ ಕೊಡಗಿನಲ್ಲಿ ಬೆಳಿಗ್ಗೆ ಎದ್ದರೆ ಕಾಫಿ, ಬಾಂಡಿಂಗ್‌ಗೆ ಅದರ ಕಲೆ ಬೇಗ ಹಿಡಿಯುತ್ತದೆ. ಪಿಂಗಾಣಿಗೆ ಅಷ್ಟು ಹಿಡಿಯಲ್ಲ. ಮುಂದಿನ ನಾಲ್ಕಾರು ಹಲ್ಲು ಬಣ್ಣಗೆಟ್ಟಿದ್ದರೆ ವೆನೀರ್ ಯೋಚಿಸಬಹುದು. ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ ಇಡೀ ಹಲ್ಲಿಗೆ ಟೊಪ್ಪಿಯಂತೆ ಕೂರುವ ಕ್ಯಾಪೇ ಸರಿ.

ಮೊದಲು ವಿರಾಜಪೇಟೆಯ ದಂತ ಕಾಲೇಜಿನಲ್ಲೋ ಹತ್ತಿರದ ದಂತವೈದ್ಯರ ಬಳಿಯೋ ಎಕ್ಸ್‌ರೇ ತೆಗೆಸಿ. ತಣ್ಣೀರು ತಾಗಿದಾಗ ನೋವು ನಿಲ್ಲದೆ ಜುಮ್ಮೆನ್ನುತ್ತಿದ್ದರೆ ಒಳಗಿನ ನರಕ್ಕೂ ಪೆಟ್ಟಾಗಿರಬಹುದು, ಅಂದಕ್ಕಿಂತ ಅದರ ಚಿಕಿತ್ಸೆ ಮುಂದೆ. ಮತ್ತೆ ಮೈದಾನಕ್ಕಿಳಿಯುವಾಗ ಮೌತ್‌ಗಾರ್ಡ್ ಹಾಕಿಕೊಳ್ಳಿ.