ಆವರಣದೊಳಗಿನ ಸಂಭಾವನೆ

ಓದುಗರೊಬ್ಬರ ಪತ್ರ: "ಕೆಲಸ ಬಿಟ್ಟು ಫ್ರೀಲಾನ್ಸ್ ಬರವಣಿಗೆಗೆ ಇಳಿದು ನಾಲ್ಕು ವರ್ಷವಾಯಿತು. ಲೇಖನ, ಅನುವಾದ, ಜಾಹೀರಾತಿನ ಸಾಲು, ಬೇರೆಯವರ ಹೆಸರಿನಲ್ಲಿ ಭಾಷಣ ಎಲ್ಲ ಬರೆದಿದ್ದೇನೆ. ತಿಂಗಳು ಸಾಗುವಷ್ಟು (ಸಂಭಾವನೆ) ಬರುತ್ತದೆ. ಆದರೆ ನನ್ನದೊಂದು ಪುಸ್ತಕ ಇಲ್ಲ, ಪ್ರಶಸ್ತಿ ಇಲ್ಲ. ಜೊತೆಯವರು ಆತ್ಮತೃಪ್ತಿಯೇ ನಿಜವಾದ ಯಶಸ್ಸು ಅನ್ನುತ್ತಾರೆ. ನಾನು ಗೆದ್ದೆನೋ ಸೋತೆನೋ ಗೊತ್ತಾಗುತ್ತಿಲ್ಲ. ಯಾವುದರಿಂದ ಅಳೆಯಲಿ?"

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದೂ ಕಾಗುಣಿತದ ತಪ್ಪಿಲ್ಲ. ನನ್ನ ಮೇಜಿಗೆ ಬಂದು ಬೀಳುವುದನ್ನೆಲ್ಲ ನೋಡಿದರೆ ಅದೇ ಒಂದು ಯಶಸ್ಸು. ಆದರೆ ಕಣ್ಣು ಸಿಕ್ಕಿಕೊಂಡಿದ್ದು ಒಂದು ಪದದಲ್ಲಿ. ಸಂಭಾವನೆಯನ್ನು ಆವರಣದೊಳಗೆ ಹಾಕಿದ್ದೀರಿ. ಯಾಕೆ? ಪುಸ್ತಕಕ್ಕೆ ಆವರಣವಿಲ್ಲ, ಪ್ರಶಸ್ತಿಗಿಲ್ಲ, ಆತ್ಮತೃಪ್ತಿಗಂತೂ ಇಲ್ಲವೇ ಇಲ್ಲ. ದುಡ್ಡಿನ ಮಾತು ಬಂದ ಕೂಡಲೇ ದನಿ ತಗ್ಗಿಸಿಬಿಟ್ಟಿರಿ.

ಆತ್ಮತೃಪ್ತಿ ಬೇಡ ಅಂತ ನಾನು ಹೇಳುತ್ತಿಲ್ಲ. ಒಂದು ಪ್ಯಾರಾ ಸರಿಯಾಗಿ ಕೂತಾಗ ಆಗುವ ಖುಷಿ ನನಗೂ ಗೊತ್ತು. ಅದು ಇರಲಿ, ಅದು ನಿಮ್ಮ ಸ್ವಂತದ್ದು. ನನ್ನ ತಕರಾರು ಅದನ್ನು ತಂದು ಸಂಬಳದ ಜಾಗದಲ್ಲಿ ಕೂರಿಸುವವರ ಮೇಲೆ.

ಅವರು ಮೊದಲು ತೆಗೆಯುವ ಹೆಸರು ಅಮೆರಿಕದ ಕಾದಂಬರಿಕಾರ ಹರ್ಮನ್ ಮೆಲ್ವಿಲ್. 1851ರಲ್ಲಿ 'ಮೊಬಿ ಡಿಕ್' ಬಂದಾಗ ಹೆಚ್ಚು ಜನ ಕೊಳ್ಳಲಿಲ್ಲ, ಇವತ್ತು ಅದು ಮಹಾಕೃತಿ, ನೋಡಿ ಅನ್ನುತ್ತಾರೆ. ನೋಡಿದೆ. ಅದೇ ಮೆಲ್ವಿಲ್ 1866ರಿಂದ 19 ವರ್ಷ ನ್ಯೂಯಾರ್ಕ್ ಬಂದರಿನಲ್ಲಿ ಸುಂಕದ ಇನ್‌ಸ್ಪೆಕ್ಟರ್ ಆಗಿ ದುಡಿದ ಕಥೆಯನ್ನು ಯಾಕೆ ನುಂಗಿಬಿಡುತ್ತಾರೆ? ಅಮೆರಿಕದವರೇ ಆದ ಕವಿ ಎಮಿಲಿ ಡಿಕಿನ್ಸನ್ ಸುಮಾರು 1,800 ಕವಿತೆ ಬರೆದರು, ಬದುಕಿದ್ದಾಗ ಅಚ್ಚಾದದ್ದು ಹತ್ತರ ಆಸುಪಾಸು. ನಿಜ. ಆಕೆ ಇದ್ದದ್ದು ಅಪ್ಪನ ಮನೆಯಲ್ಲಿ, ತಿಂಗಳ ಕೊನೆಗೆ ಬಾಡಿಗೆ ಕೇಳುವವರಿರಲಿಲ್ಲ.

ನನಗೆ ಇಷ್ಟವಾಗುವವರು ಇಂಗ್ಲೆಂಡಿನ ಕಾದಂಬರಿಕಾರ ಆಂಟನಿ ಟ್ರಾಲಪ್. ಅಂಚೆ ಇಲಾಖೆಯ ನೌಕರ. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕೂರುತ್ತಿದ್ದರು. ಎದುರಿಗೆ ಗಡಿಯಾರ, ಕಾಲು ಗಂಟೆಗೆ 250 ಪದ. ತಮ್ಮನ್ನು ಎಬ್ಬಿಸುವುದಕ್ಕೆಂದೇ ಕುದುರೆ ನೋಡಿಕೊಳ್ಳುವ ಮುದುಕನಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದರು. ನನ್ನ ಯಶಸ್ಸಿಗೆ ಬೇರೆ ಯಾರಿಗಿಂತಲೂ ಅವನಿಗೇ ಹೆಚ್ಚು ಋಣಿಯೇನೋ ಎಂಬ ಅರ್ಥದ ಮಾತು ಅವರ ಆತ್ಮಕಥೆಯಲ್ಲಿದೆ. ಅದೇ ಆತ್ಮಕಥೆಯಲ್ಲಿ ಪುಸ್ತಕಗಳಿಂದ ಬಂದ ದುಡ್ಡಿನ ಪಟ್ಟಿಯೂ ಇದೆ. ಒಟ್ಟು 68,939 ಪೌಂಡ್, 17 ಶಿಲ್ಲಿಂಗ್, 5 ಪೆನ್ಸ್. ಆ ಐದು ಪೆನ್ಸನ್ನೂ ಬಿಟ್ಟಿಲ್ಲ ನೋಡಿ! ಪುಸ್ತಕ ಬಂದದ್ದು ಅವರು ತೀರಿಕೊಂಡ ಮೇಲೆ, 1883ರಲ್ಲಿ. ರಸಿಕರು ಮೂಗು ಮುರಿದರು, ಇವನೇನು ಲೇಖಕನೋ ಗುಮಾಸ್ತನೋ ಅಂತ. ಬಹಳ ಕಾಲ ಅವರ ಹೆಸರಿಗೆ ಆ ಮಸಿ ಅಂಟಿಕೊಂಡಿತ್ತು.

ರಷ್ಯಾದ ಕಥೆಗಾರ ಚೆಕಾವ್ ಕೂಡ ಹಾಗೇ. 1880ರ ಸುಮಾರಿಗೆ ವೈದ್ಯಕೀಯ ಓದುತ್ತಲೇ ನಗೆ ಪತ್ರಿಕೆಗಳಿಗೆ ಬರೆಯತೊಡಗಿದರು. ಸಾಲಿಗೆ ಇಷ್ಟು ಕೊಪೆಕ್, ಅಂದರೆ ಅಲ್ಲಿನ ಪೈಸೆ, ಅಂತ ಲೆಕ್ಕ, ಅದರ ಮೇಲೆ ಇಡೀ ಸಂಸಾರದ ಭಾರ. 1886ರಲ್ಲಿ ಹಿರಿಯ ಲೇಖಕ ಗ್ರಿಗೊರೊವಿಚ್, ನಿನಗೆ ದೊಡ್ಡ ಪ್ರತಿಭೆ ಇದೆ, ಅವಸರದಲ್ಲಿ ಬರೆಯಬೇಡ ಅಂತ ಪತ್ರ ಬರೆದರು. ಎಲ್ಲರೂ ಆ ಪತ್ರವನ್ನು ಹೇಳುತ್ತಾರೆ, ಅದಕ್ಕೂ ಮುಂಚಿನ ಆರು ವರ್ಷದ ಸಾಲಿನ ಲೆಕ್ಕವನ್ನು ಹೇಳುವುದಿಲ್ಲ. ಕಡಿಮೆ ಜಾಗದಲ್ಲಿ ಕಥೆ ಮುಗಿಸುವ ಕೈಚಳಕ ಆತನಿಗೆ ಬಂದದ್ದು ಅಲ್ಲೇ ಅಲ್ವಾ?

ಈ ಕುರ್ಚಿಗೆ ಬರುವ ಮೊದಲು ನಾನೂ ಏಳು ವರ್ಷ ಫ್ರೀಲಾನ್ಸ್ ಮಾಡಿದೆ. ಆಗಿನ ನೋಟ್‌ಬುಕ್ ಇನ್ನೂ ಡ್ರಾಯರಿನಲ್ಲಿದೆ. ರಟ್ಟು ಕಿತ್ತು ಬಂದಿದೆ. ನಾಲ್ಕು ಕಲಂ: ಯಾರು ಕೇಳಿದರು, ಏನು ಕೊಟ್ಟೆ, ದುಡ್ಡು ಯಾವಾಗ ಕೊಡುತ್ತೇವೆ ಅಂದರು, ಯಾವಾಗ ಕೊಟ್ಟರು. ಕೊನೆಯ ಕಲಂ ಮೊದಲ ವರ್ಷವೆಲ್ಲ ಬಿಳಿ ಬಿಳಿ. ಒಂದು ಸಂಸ್ಥೆಯ ಸ್ಮರಣ ಸಂಚಿಕೆಗೆ ಮೂರು ವಾರ ಕೂತು ಹನ್ನೆರಡು ಪುಟ ಬರೆದೆ. ಹಣ ಕೇಳಿದಾಗ, "ನಿಮ್ಮ ಹೆಸರು ಬಂದಿದೆಯಲ್ಲ ಸಾರ್" ಅಂದರು. ಬಂದಿತ್ತು. ಅದೂ ತಪ್ಪಾಗಿ.

ಈ 'ಗೌರವಧನ' ಅನ್ನುವ ಪದವನ್ನು ಯಾರು ಕಂಡುಹಿಡಿದರೋ! ನಲ್ಲಿ ರಿಪೇರಿಗೆ ಬಂದವರಿಗೆ ನಾವು ಗೌರವಧನ ಕೊಡುವುದಿಲ್ಲ, ಕೆಲಸದ ದುಡ್ಡು ಕೊಡುತ್ತೇವೆ. ಅವರೂ ಕೆಲಸ ಶುರು ಮಾಡುವ ಮುಂಚೆಯೇ ಇಷ್ಟಾಗುತ್ತೆ ಅನ್ನುತ್ತಾರೆ, ಯಾರಿಗೂ ಬೇಜಾರಿಲ್ಲ. ಬರೆಯುವವರು ದರ ಕೇಳಿದರೆ ಮಾತ್ರ, ಅಯ್ಯೋ ಇವರೂ ದುಡ್ಡಿನವರೇ ಅಂತ ಮುಖ ಬಾಡುತ್ತದೆ. ಕಾಗದದವರಿಗೆ, ಪ್ರೆಸ್ಸಿನವರಿಗೆ, ಬೈಂಡಿಂಗ್‌ನವರಿಗೆ ಎಲ್ಲ ಕೊಟ್ಟು ಮಿಕ್ಕರೆ ಲೇಖಕರಿಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸಿ ಕಳಿಸುತ್ತಾರೆ. ಈಗಂತೂ ಇನ್ನೊಂದು ಶುರುವಾಗಿದೆ: "ಸುಮ್ನೆ ಒಂದು ಸ್ಯಾಂಪಲ್ ಬರೆದುಕೊಡಿ." ಹತ್ತು ಜನರ ಸ್ಯಾಂಪಲ್ ಸೇರಿದರೆ ಅವರ ವರ್ಷದ ಕೆಲಸ ಮುಗಿಯಿತು. (ನಮ್ಮ ಪತ್ರಿಕೆಯೂ ಪೂರ್ತಿ ಶುದ್ಧ ಅಂತಲ್ಲ. ಹೋದ ವರ್ಷ ಇಬ್ಬರ ಚೆಕ್ ನನ್ನ ಮರೆವಿನಿಂದಲೇ ಎರಡು ತಿಂಗಳು ತಡವಾಯಿತು.)

ನಿಮ್ಮ ಮೇಲೂ ನನಗೆ ಸ್ವಲ್ಪ ಸಿಟ್ಟಿದೆ. ನಾಲ್ಕು ವರ್ಷ ಬರೆದೇ ಬದುಕಿದ್ದೀರಿ. ಎಷ್ಟು ಜನಕ್ಕೆ ಆಗುತ್ತೆ ಅದು? ಪ್ರಶಸ್ತಿ ಕೊಡುವವರು ಆ ಹೊತ್ತಿಗೆ ಯಾರು ಕಣ್ಣಿಗೆ ಬಿದ್ದರೋ ಅವರಿಗೆ ಕೊಡುತ್ತಾರೆ. ಅವರ ಕೈಯಲ್ಲಿರುವ ಅಳತೆಗೋಲಿನಿಂದ ನಿಮ್ಮನ್ನು ನೀವೇ ಅಳೆದುಕೊಂಡು ಸಣ್ಣಗಾಗುವುದು ಯಾಕೆ?

ಅಳೆಯಲೇಬೇಕು ಅಂದರೆ ನೀವೂ ಒಂದು ನೋಟ್‌ಬುಕ್ ಇಡಿ. ಮೊದಲ ಕಲಂನಲ್ಲಿ ಒಂದೇ ಹೆಸರು ಎಷ್ಟು ಸಲ ಮತ್ತೆ ಬಂದಿದೆ ನೋಡಿ. ನನ್ನದರಲ್ಲಿ ಮೂರನೇ ವರ್ಷಕ್ಕೆ ಒಂದೇ ಕಡೆಯಿಂದ ಐದು ಸಲ ಕರೆ ಬಂದಿತ್ತು. ಐದನೇ ಸಲ ದರ ಜಾಸ್ತಿ ಹೇಳಿದೆ. ಆ ಕಡೆ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಆಯ್ತು, ಶುಕ್ರವಾರಕ್ಕೆ ಬೇಕು" ಅಂದರು. ಅವತ್ತು ನನಗಾದ ಆತ್ಮತೃಪ್ತಿ ಇನ್ಯಾವತ್ತೂ ಆಗಿಲ್ಲ.

ಅಂದಹಾಗೆ, ಬೇರೆಯವರ ಹೆಸರಿನಲ್ಲಿ ಭಾಷಣ ಬರೆಯುವ ಅನುಭವದ ಬಗ್ಗೆ ನಮಗೊಂದು ಲೇಖನ ಕೊಡಿ. ಸಾವಿರದ ಇನ್ನೂರು ಪದ ಸಾಕು. ಎಷ್ಟು ಕೊಡಬೇಕು ಅಂತ ಪತ್ರದಲ್ಲೇ ಬರೆಯಿರಿ, ಆವರಣ ಹಾಕದೆ.

– ಸಂಪಾದಕ