ಆಮದು ಹಾಲಿನ ಪುಡಿ ಅಗ್ಗವಾಗಿರುವಾಗ ಪೂರ್ತಿ ಅದನ್ನೇ ನಂಬಿ ಮೊಸರಿನ ಘಟಕ ನಡೆಸಬಹುದೇ?

ನಾನೂ ಹಿಂದೆ ಹೀಗೇ ಕೇಳುತ್ತಿದ್ದವನು. ಅಗ್ಗವೇನೋ ಸರಿ, ಯಾವ ದಿನದ ಡಾಲರಿಗೆ ಅಗ್ಗ?

ಮೊದಲ ಎಡವಟ್ಟು, ಕೊಟೇಶನ್ನಿನ ಟನ್ ಬೆಲೆಯನ್ನು ಹಾಲಿನ ಲೀಟರ್ ಬೆಲೆಯ ಪಕ್ಕ ಇಟ್ಟು ನೋಡುವುದು. ಶೇ. 3.5 ಕೊಬ್ಬು, ಶೇ. 8.5 ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಇರುವ 1000 ಕಿಲೋ ಹಾಲನ್ನು ಪುಡಿಯಿಂದ ಮಾಡಲು ಸುಮಾರು 89 ಕಿಲೋ ಕೆನೆರಹಿತ ಪುಡಿ, 34 ಕಿಲೋ ಬಟರ್ ಆಯಿಲ್ (ನೀರು ತೆಗೆದ ಹಾಲಿನ ಕೊಬ್ಬು), 877 ಕಿಲೋ ನೀರು ಬೇಕು. ಪುಡಿಯ ಲೆಕ್ಕ ಹಾಕಿ ಕೊಬ್ಬನ್ನು ಮರೆಯುವವರೇ ಜಾಸ್ತಿ. ಮೇಲೆ ಹಡಗು ಬಾಡಿಗೆ, ವಿಮೆ, ಸುಂಕ, ಎಲ್‌ಸಿ (ಮಾರುವವನಿಗೆ ಹಣದ ಖಾತರಿ ಕೊಡುವ ಬ್ಯಾಂಕಿನ ಪತ್ರ) ಕಮಿಷನ್, ಕಂಟೇನರ್ ಬಂದರಿನಲ್ಲಿ ನಿಂತರೆ ಡೆಮರೇಜ್ ಎಂಬ ದಂಡ, ಗೋದಾಮಿನಲ್ಲಿ ಕೂತ ದುಡ್ಡಿನ ಬಡ್ಡಿ. ನೀರನ್ನು 45 ಡಿಗ್ರಿಗೆ ಕಾಯಿಸಿ ಕಲಸಿ, ಕೊಬ್ಬು ಬೇರ್ಪಡದಂತೆ ಹೊಮೋಜಿನೈಸ್ ಮಾಡುವ ಖರ್ಚು ಬೇರೆ.

ಇಷ್ಟೆಲ್ಲ ಕೂಡಿಸಿದವರೂ ಮುಗ್ಗರಿಸುವುದು ದಿನಾಂಕದಲ್ಲಿ. ಮೊಸರಿನ ಬೆಲೆ ಕಟ್ಟುವುದು ಆರ್ಡರ್ ದಿನದ ಡಾಲರ್ ದರ ಹಿಡಿದು. 90 ದಿನದ ಎಲ್‌ಸಿ ಆದರೆ ಹಣ ತೆರುವುದು ಮೂರು ತಿಂಗಳಾಚೆಯ ದರದಲ್ಲಿ. ವೆಚ್ಚದಲ್ಲಿ ಆಮದಿನ ಪಾಲು ಶೇ. 60 ಇದ್ದು, ಡಾಲರ್ ಶೇ. 10 ಏರಿತೆನ್ನಿ. ಒಟ್ಟು ವೆಚ್ಚ ಶೇ. 6 ಏರುತ್ತದೆ. ನಿಮ್ಮ ಲಾಭವೇ ಶೇ. 5 ಆಗಿದ್ದರೆ ಅಲ್ಲಿಗೆ ನಷ್ಟ, ಅದೂ ಮೊಸರು ತಿಂದು ಮುಗಿದ ಮೇಲೆ ಗೊತ್ತಾಗುವ ನಷ್ಟ. ಆರ್ಡರ್ ಇಟ್ಟ ದಿನವೇ ಬ್ಯಾಂಕಿನಲ್ಲಿ ಫಾರ್ವರ್ಡ್ ಕಾಂಟ್ರಾಕ್ಟ್ (ಮುಂದೆ ಕೊಳ್ಳುವ ಡಾಲರಿಗೆ ಇವತ್ತೇ ದರ ಗೊತ್ತುಮಾಡುವ ಒಪ್ಪಂದ) ಮಾಡಿಸಿ. ಬೆಲೆ ಕಟ್ಟುವಾಗ ಗೋದಾಮಿನಲ್ಲಿರುವ ಚೀಲದ ದರ ಬಿಡಿ, ಮುಂದಿನ ಕಂಟೇನರಿನ ದರ ಹಿಡಿಯಿರಿ.

ಡಾಲರ್ ಸುಮ್ಮನಿದ್ದರೂ ಪುಡಿ ಸುಮ್ಮನಿರುವುದಿಲ್ಲ. ಜಗತ್ತಿನ ಒಟ್ಟು ಹಾಲಿನಲ್ಲಿ ಗಡಿ ದಾಟುವುದು ಹತ್ತನೇ ಒಂದು ಪಾಲಿಗಿಂತ ಕಡಿಮೆ, ಹಾಗಾಗಿ ಸಣ್ಣ ಕೊರತೆಗೂ ಬೆಲೆ ಹಾರುತ್ತದೆ. 2013ರಲ್ಲಿ ನ್ಯೂಜಿಲೆಂಡಿಗೆ ಬರ ಬಿದ್ದಾಗ ಗ್ಲೋಬಲ್ ಡೈರಿ ಟ್ರೇಡ್ ಎಂಬ ಅಂತರರಾಷ್ಟ್ರೀಯ ಆನ್‌ಲೈನ್ ಹರಾಜಿನಲ್ಲಿ ಕೆನೆಭರಿತ ಪುಡಿ ಟನ್ನಿಗೆ 5000 ಡಾಲರ್ ದಾಟಿತು. 2015ರ ಆಗಸ್ಟ್‌ನಲ್ಲಿ ಅದೇ ಪುಡಿ 1600ಕ್ಕಿಂತ ಕೆಳಗೆ.

ಜನ ರೈತರ ಹಾಲು ಕೊಳ್ಳುವುದನ್ನು ನಿಲ್ಲಿಸುವುದು ಇಂಥ ಇಳಿಕೆಯಲ್ಲೇ. ಕೊಳ್ಳುವವರಿಲ್ಲದೆ ಹಸು ಮಾರಾಟವಾಗುತ್ತದೆ, ಶೀತಲೀಕರಣ ಕೇಂದ್ರ ಬಾಗಿಲು ಹಾಕುತ್ತದೆ. ಬೆಲೆ ಮತ್ತೆ ಏರಿದಾಗ ಹಾಲು ಕೇಳಿದರೆ ಎಲ್ಲಿಂದ ಬರಬೇಕು? ಹುಟ್ಟಿದ ಹೆಣ್ಣುಕರು ಕರು ಹಾಕಿ ಹಾಲು ಕೊಡಲು ಎರಡು ವರ್ಷವಾದರೂ ಬೇಕು. ಅಲ್ಲಿಯವರೆಗೆ ಪುಡಿ ಮಾರುವವನು ಹೇಳಿದ್ದೇ ರೇಟು. ಈ ನಷ್ಟ ಯಾವ ಇನ್‌ವಾಯ್ಸ್‌ನಲ್ಲೂ ಕಾಣುವುದಿಲ್ಲ.

ನನ್ನ ಮಟ್ಟಿಗೆ ವರ್ಷದ ಘನಾಂಶದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಆಮದು ಬೇಡ, ಅದೂ ಹಾಲು ಕಡಿಮೆಯಾಗುವ ತಿಂಗಳುಗಳಿಗೆ. ಹಾಲು ಹೆಚ್ಚಿದಾಗಲೂ ಖರೀದಿ ನಿಲ್ಲಿಸಬೇಡಿ, ಮಿಕ್ಕಿದ್ದನ್ನು ಬಾಡಿಗೆ ಡ್ರೈಯರಿನಲ್ಲಿ ಪುಡಿ ಮಾಡಿಸಿಟ್ಟುಕೊಳ್ಳಿ.

ವೇ ಪ್ರೋಟೀನ್ (ಹಾಲೊಡಕಿನ ಪ್ರೋಟೀನ್) ಮಾತು ಬೇರೆ. ಅದು ಚೀಸ್ ತಯಾರಿಕೆಯ ಉಪೋತ್ಪನ್ನ; ದೊಡ್ಡ ಚೀಸ್ ಉದ್ಯಮ ಇಲ್ಲದ ಕಡೆ ಅದನ್ನು ತರಿಸಿಕೊಳ್ಳದೆ ಗತಿಯಿಲ್ಲ, ತರಿಸಿ.