ಕೈಕೆಲಸ ಕೇಳಿ: ತಾರಸಿಯಲ್ಲಿ ಮೂಳೆ ಒಣಗಿಸಿದರೆ

ಪ್ರಶ್ನೆ: ಲಖನೌಗೆ ಹೋಗಿದ್ದಾಗ ಮೂಳೆಯಲ್ಲಿ ಕೆತ್ತಿದ ಕಿವಿಯೋಲೆ ನೋಡಿ ನಾನೂ ಕಲಿಯಬೇಕು ಅನಿಸಿತು. ನಮ್ಮೂರಲ್ಲಿ ಕಲಿಸುವವರು ಯಾರೂ ಇಲ್ಲ. ಮಟನ್ ಅಂಗಡಿಯಿಂದ ಕಾಲಿನ ಮೂಳೆ ತಂದು, ಬೇಯಿಸಿ, ತಾರಸಿಯಲ್ಲಿ ಒಣಗಲು ಇಟ್ಟೆ. ಪಕ್ಕದ ಮನೆಯವರು ಮಾಟ ಮಾಡಿಸಿದ್ದಾರೆ ಅಂತ ಅಮ್ಮನ ಹತ್ತಿರ ಜಗಳಕ್ಕೇ ಬಂದರು. ಅಷ್ಟಾದರೂ ಮೂಳೆ ಬೆಳ್ಳಗಾಗಲಿಲ್ಲ, ಹಳದಿ ಜಿಡ್ಡು ಹಾಗೇ ಇದೆ, ಎರಡು ಸೀಳಿ ಹೋಗಿವೆ. ಎಲ್ಲಿ ತಪ್ಪಿದೆ? ಕೆತ್ತುವ ಮಷೀನು ತಗೊಳ್ಳಲೇಬೇಕಾ?
– ಒಬ್ಬ ಓದುಗರು, ತುಮಕೂರು

ಉತ್ತರ: ಜಗಳದ ಮಟ್ಟಿಗೆ ನೀವು ಪುಣ್ಯವಂತರು. ನನ್ನ ಮೊದಲ ಮೂಳೆಯನ್ನು ಕಾಗೆ ಎತ್ತಿಕೊಂಡು ಹೋಗಿ ಎದುರು ಮನೆಯ ತುಳಸಿಕಟ್ಟೆಯ ಮೇಲೆ ಹಾಕಿತ್ತು. ಆಮೇಲೆ ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ.

ತಾರಸಿಯೇ ತಪ್ಪು. ನೇರ ಬಿಸಿಲಿಗೆ ಮೂಳೆ ಹೊರಗಡೆ ಬೇಗ ಒಣಗುತ್ತದೆ, ಒಳಗಡೆ ಹಸಿ ಉಳಿಯುತ್ತದೆ, ಅದಕ್ಕೇ ಸೀಳು ಬಿಡುತ್ತದೆ. ಹಳೇ ಚಪ್ಪಲಿ ಡಬ್ಬಿಗೆ ನಾಲ್ಕು ತೂತು ಮಾಡಿ, ಅದರಲ್ಲಿಟ್ಟು ಮಂಚದ ಕೆಳಗೆ ತಳ್ಳಿಬಿಡಿ. ಮೂಳೆಗೂ ಒಳ್ಳೆಯದು, ಪಕ್ಕದ ಮನೆಯವರಿಗೂ ಒಳ್ಳೆಯದು.

ಇನ್ನು ಜಿಡ್ಡು. ಬೇಯಿಸಿದರೆ ಮಾಂಸ ಬಿಡುತ್ತದೆ, ಮೂಳೆಯೊಳಗೆ ಸೇರಿದ ಕೊಬ್ಬು ಬಿಡುವುದಿಲ್ಲ. ಸಣ್ಣ ಉರಿಯಲ್ಲಿ ಬೇಯಿಸಿ, ಎರಡೂ ತುದಿ ಗರಗಸದಲ್ಲಿ ಕೊಯ್ದು, ಒಳಗಿನ ಮಜ್ಜೆಯನ್ನು ತಂತಿಯಿಂದ ತಳ್ಳಿ ತೆಗೆಯಿರಿ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಅದರಲ್ಲಿ ನೆನೆಸಿ. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಿ. ಮೇಲೆ ಎಣ್ಣೆಯ ಪದರ ಏಳುವುದು ನಿಲ್ಲುವವರೆಗೂ ಇದೇ ಕೆಲಸ, ಸುಮಾರು ತಿಂಗಳು ಹಿಡಿಯುತ್ತದೆ. ಕೊನೆಗೆ ಮೆಡಿಕಲ್ ಶಾಪಿನ 6 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡಿಗೆ ಅಷ್ಟೇ ನೀರು ಬೆರೆಸಿ ಒಂದು ದಿನ ಮುಳುಗಿಸಿಡಿ. ಕೈಗೆ ಗ್ಲೌಸ್ ಇರಲಿ. ಡಬ್ಬಿಯ ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಗ್ಯಾಸ್ ಏಳುತ್ತದೆ. ಬಟ್ಟೆಗೆ ಹಾಕುವ ಬ್ಲೀಚ್ ಮಾತ್ರ ಬೇಡ, ಮೂಳೆ ಪುಡಿಪುಡಿಯಾಗುತ್ತದೆ.

ಆತುರ ಮಾಡಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಮನೆಯವಳ ಹಳೇ ಕುಕ್ಕರಿನಲ್ಲಿ ಅಡುಗೆ ಸೋಡಾ ಹಾಕಿ ಎಂಟು ವಿಶಲ್ ಕೂಗಿಸಿದ್ದೆ. ಮೂಳೆ ಸೀಮೆಸುಣ್ಣದ ಹಾಗೆ ಬೆಳ್ಳಗೆ ಬಂತು, ನಾನೂ ಬೀಗಿದೆ. ಅದರಲ್ಲಿ ಬಾಚಣಿಗೆ ಮಾಡಿದೆ. ಮೊದಲ ಸಲ ತಲೆಗೆ ತಾಗಿಸಿದಾಗಲೇ ನಾಲ್ಕು ಹಲ್ಲು ಮುರಿದವು. ಸಿಮೆಂಟಿನೊಳಗೆ ಕಬ್ಬಿಣದ ಸರಳು ಇರುತ್ತದಲ್ಲ, ಮೂಳೆಯಲ್ಲಿ ಆ ಕೆಲಸ ಮಾಡುವುದು ಕೊಲಾಜೆನ್ ಅನ್ನುವ ನಾರು. ಜಾಸ್ತಿ ಬೇಯಿಸಿದರೆ ಅದು ಕರಗಿ ಸೂಪಿಗೆ ಹೋಗುತ್ತದೆ, ಸುಣ್ಣದಂಥ ಭಾಗ ಮಾತ್ರ ಉಳಿಯುತ್ತದೆ. ಕುಕ್ಕರ್ ಮತ್ತೆ ಅಡುಗೆಮನೆಗೆ ಹೋಗಲಿಲ್ಲ.

ಮಷೀನು ಈಗಲೇ ಬೇಡ. ನಾನು ಐಟಿಐನಲ್ಲಿ ಫಿಟ್ಟರ್ ಪಾಠ ಹೇಳಿದವನು, ಅರ ಹಿಡಿಯಲು ಬಾರದ ಕೈಗೆ ಡ್ರಿಲ್ ಕೊಡುವುದಿಲ್ಲ. ಹ್ಯಾಕ್ಸಾ, ತುಂಡನ್ನು ಬಿಗಿಯಾಗಿ ಹಿಡಿಯುವ ಒಂದು ಸಣ್ಣ ವೈಸ್, ನೀಡಲ್ ಫೈಲ್ ಅನ್ನುವ ಸಪೂರ ಅರಗಳ ಸೆಟ್, ಕೈಯಲ್ಲಿ ತಿರುಗಿಸುವ ಪುಟ್ಟ ಡ್ರಿಲ್ ಸಾಕು. ಕಿವಿಯೋಲೆಯ ಆಸೆ ಆರು ತಿಂಗಳು ಮುಂದಕ್ಕೆ ಹಾಕಿ. ಲಖನೌದವರು ಹಿಂದೆ ದಂತದಲ್ಲಿ ಮಾಡುತ್ತಿದ್ದ ಜಾಲಿ ಕೆಲಸವನ್ನು, ಅಂದರೆ ಬಲೆಯ ಹಾಗೆ ತೂತು ತೂತಾಗಿ ಕೆತ್ತುವುದನ್ನು, ಈಗ ಎಮ್ಮೆ, ಕೋಣದ ದಪ್ಪ ಮೂಳೆಯಲ್ಲಿ ಮಾಡುತ್ತಾರೆ. ಮಟನ್ ಮೂಳೆ ತೆಳು, ಉರುಟು, ಅದಕ್ಕೆ ಆ ಕೆಲಸ ಒಗ್ಗುವುದಿಲ್ಲ.

ಮೊದಲು ಒಂದು ದಬ್ಬಳ ಮಾಡಿ. ಹೌದು, ಗೋಣಿಚೀಲ ಹೊಲಿಯುವ ದಬ್ಬಳ. ಮೂಳೆಯ ಉದ್ದಕ್ಕೇ 8 ಸೆಂಟಿಮೀಟರಿನ ಒಂದು ಪಟ್ಟಿ ಕೊಯ್ದುಕೊಳ್ಳಿ. ಮರದ ಹಾಗೆ ಮೂಳೆಗೂ ಎಳೆ ಇದೆ, ಅಡ್ಡಕ್ಕೆ ಕೊಯ್ದರೆ ಚಿಟಕ್ ಅಂತ ಮುರಿಯುತ್ತದೆ. ಎಲ್ಲರೂ ತಪ್ಪುವ ಜಾಗ ಮುಂದಿನದು: ಪಟ್ಟಿ ಅಗಲ ಇರುವಾಗಲೇ ಕಣ್ಣು ಕೊರೆಯಬೇಕು, ಆಮೇಲೆ ಸುತ್ತ ಅರದಿಂದ ಸಣ್ಣ ಮಾಡಬೇಕು. ಸಣ್ಣ ಮಾಡಿ ಆಮೇಲೆ ಕೊರೆಯಲು ಹೋದರೆ ಕಣ್ಣಿನ ಹತ್ತಿರವೇ ಸೀಳುತ್ತದೆ. ನಾನು ಹಾಗೆ ಐದು ಕಳೆದುಕೊಂಡೆ.

ಅರ ಹಾಕುವಾಗ ಮೂಳೆಯನ್ನು ಆಗಾಗ ನೀರಿಗೆ ಅದ್ದಿ. ರಂಗೋಲಿ ಪುಡಿಯಂಥ ಬಿಳಿ ಧೂಳು ಬರುತ್ತದೆ, ಜೊತೆಗೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಾಗ ಬರುವ ವಾಸನೆ. ಆ ಧೂಳು ಶ್ವಾಸಕ್ಕೆ ಹೋಗಬಾರದು. ಕೋವಿಡ್ ಕಾಲದ ಎನ್-95 ಮಾಸ್ಕ್ ಮನೆಯಲ್ಲಿ ಇರಬೇಕಲ್ವಾ, ಹಾಕಿಕೊಳ್ಳಿ. ಆಮೇಲೆ ನೀರಿನಲ್ಲಿ ಉಜ್ಜುವ ಎಮರಿ ಪೇಪರ್, ಒರಟಿನಿಂದ ನಯದ ಕಡೆಗೆ 220, 400, 800 ನಂಬರಿನವು ಒಂದೊಂದಾಗಿ. ಕೊನೆಗೆ ಹಳೇ ಕಾಟನ್ ಸೀರೆ ತುಂಡಿಗೆ ಹಲ್ಲುಪುಡಿ ಹಾಕಿ ತಿಕ್ಕಿ. ಹೊಳಪು ಬರುವಾಗ ಬೆರಳಿಗೇ ಗೊತ್ತಾಗುತ್ತದೆ, ಮೂಳೆ ಬೆಣ್ಣೆಯ ಹಾಗೆ ಜಾರುತ್ತದೆ.

ಅಮ್ಮನಿಗೆ ಮನೆಯಲ್ಲಿ ಮೂಳೆ ಬೇಯಿಸುವುದೇ ಇಷ್ಟವಿಲ್ಲ ಅಂದರೆ ಇನ್ನೊಂದು ದಾರಿ ಇದೆ. ಗಿಟಾರ್ ತಂತಿಯ ಕೆಳಗೆ ಕೂರಿಸುವ ನಟ್, ಸ್ಯಾಡಲ್ ಅಂತ ಶುದ್ಧ ಮಾಡಿದ ಮೂಳೆ ಪಟ್ಟಿಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಪ್ಲಾಸ್ಟಿಕ್ ಅಲ್ಲ, ಮೂಳೆಯದೇ ಅಂತ ನೋಡಿ ತಗೊಳ್ಳಿ.

ಪ್ರಶ್ನೆ: ತಾತನ ಮನೆ ಅಟ್ಟದಲ್ಲಿ ಜಿಂಕೆ ಕೊಂಬು ಬಿದ್ದಿದೆ. ಸುಮ್ನೆ ಹಾಳಾಗುವ ಬದಲು ಅದರಲ್ಲಿ ಚಾಕುವಿನ ಹಿಡಿ ಕೆತ್ತಬಹುದೇ?
– ಒಬ್ಬ ಓದುಗರು, ಸಕಲೇಶಪುರ

ಉತ್ತರ: ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. 2023ರಲ್ಲಿ ಹುಲಿ ಉಗುರಿನ ಪದಕ ಹಾಕಿಕೊಂಡವರ ಪಾಡು ಟೀವಿಯಲ್ಲಿ ನೋಡಿದ್ದೀರಲ್ಲ. ಕಾಡಲ್ಲಿ ತಾನಾಗಿ ಉದುರಿದ ಕೊಂಬಾದರೂ ಇದೇ ಮಾತು. ತಾತ ಅದಕ್ಕೆ ಮಾಲೀಕತ್ವದ ಸರ್ಟಿಫಿಕೇಟ್ ಮಾಡಿಸಿದ್ದಾರಾ ಅಂತ ಹಳೇ ಕಾಗದಗಳಲ್ಲಿ ಹುಡುಕಿ. ಇಲ್ಲದಿದ್ದರೆ ಒಬ್ಬ ವಕೀಲರನ್ನು ಕೇಳಿಕೊಂಡು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ.

ಪ್ರಶ್ನೆ: ನಮ್ಮಲ್ಲಿ ಮೈಸೂರಿನ ಹಳೇ ಬೀಟೆ ಮರದ ಪೆಟ್ಟಿಗೆ ಇದೆ. ಬಿಳಿ ಕೂರಿಸಿದ್ದು ಮೂಳೆಯೋ ದಂತವೋ?
– ಒಬ್ಬ ಓದುಗರು, ಮಂಡ್ಯ

ಉತ್ತರ: ಭೂತಗನ್ನಡಿ ಹಿಡಿದು ನೋಡಿ. ಪೆನ್ಸಿಲ್ ಮೊನೆಯಿಂದ ಚುಚ್ಚಿದಂಥ ಸಣ್ಣ ಕಪ್ಪು ಚುಕ್ಕೆ, ಗೀರು ಕಂಡರೆ ಮೂಳೆ. ಅದು ರಕ್ತನಾಳ ಹಾದುಹೋದ ದಾರಿ. ಅಡ್ಡ ಕೊಯ್ದ ತುಂಡಿನಲ್ಲಿ ಗೆರೆಗಳು ಒಂದರ ಮೇಲೊಂದು ಹಾದು ಜಾಳಿಗೆಯ ಹಾಗೆ ಕಂಡರೆ ಆನೆ ದಂತ. ಎರಡೂ ಕಾಣದೆ ಎಲ್ಲ ಕಡೆ ಒಂದೇ ಸಮ ಬಿಳಿ ಇದ್ದರೆ ಬಹುಶಃ ಪ್ಲಾಸ್ಟಿಕ್. ಮೈಸೂರಿನ ಇನ್ಲೇ ಕೆಲಸದಲ್ಲಿ ಹಿಂದೆ ದಂತ ಕೂರಿಸುತ್ತಿದ್ದರು, ಈಗ ಕೂರಿಸುವುದು ಪ್ಲಾಸ್ಟಿಕ್ಕೇ. ದಂತ ಅಂತ ಅನುಮಾನ ಬಂದರೆ ಮಾರಲು ಹೋಗಬೇಡಿ, ಸಕಲೇಶಪುರದವರಿಗೆ ಹೇಳಿದ ಮಾತೇ ನಿಮಗೂ.